ಕಟ್ಟೆಯೂ ಕಟ್ಟಳೆಯೂ: ಸರ್ ಎಂ. ವಿಶ್ವೇಶ್ವರಯ್ಯನವರು

ಮಾನೇಸರದಲ್ಲಿ ನೆಲೆಸಿರುವ ನಾವು ಕನ್ನಡಿಗರು ಬಹುಮಟ್ಟಿಗೆ ಮೋಟಾರಿನ ಅನ್ನವನ್ನು ಉಣ್ಣುತ್ತಿರುವವರು. ಕೆಲವರು ಕಾರು, ಸ್ಕೂಟರುಗಳ ದೊಡ್ಡ ಕಾರ್ಖಾನೆಗಳಲ್ಲಿದ್ದಾರೆ. ಕೆಲವರು ಆ ಕಾರ್ಖಾನೆಗಳಿಗೆ ಬಿಡಿಭಾಗ ಒದಗಿಸುವ ಸಣ್ಣ ಘಟಕಗಳಲ್ಲಿದ್ದಾರೆ. ನನ್ನಂಥವರು ಅವರೆಲ್ಲರ ಸಂಬಳದ ಲೆಕ್ಕ ಬರೆಯುವ ಬ್ಯಾಂಕಿನ ಮೇಜಿನ ಹಿಂದಿದ್ದೇವೆ. ಹೊಸದಾಗಿ ರೂಪಿಸಿದ ಗಾಡಿ ಮಾರಾಟಕ್ಕೆ ಬರುವ ಮೊದಲು ಅದರ ಬ್ರೇಕು, ಹೊಗೆ, ಬಿಗಿ ಎಲ್ಲವನ್ನೂ ಪರೀಕ್ಷಿಸಿ ಒಪ್ಪಿಗೆಪತ್ರ ಕೊಡುವ ಐಕ್ಯಾಟ್ ಎಂಬ ಸಂಸ್ಥೆಯೂ ನಮ್ಮ ನೆರೆಯಲ್ಲೇ ಇದೆ. ರಾಜ್ಯೋತ್ಸವದ ಸಂಚಿಕೆಗೆ ಒಬ್ಬ ಹಿರಿಯರ ಜೀವನವನ್ನು ಬರೆದುಕೊಡಬೇಕೆಂದು ಸಂಘದ ಕಾರ್ಯದರ್ಶಿಗಳು ಅಪ್ಪಣೆ ಮಾಡಿದಾಗ, ಈ ಊರಿನಲ್ಲಿ ಕುಳಿತು ಬರೆಯುವುದಕ್ಕೆ ಸರ್ ಎಂ. ವಿಶ್ವೇಶ್ವರಯ್ಯನವರಿಗಿಂತ ತಕ್ಕವರು ನನಗೆ ತೋರಲಿಲ್ಲ. ಇದಕ್ಕೆ ಕಾರಣ ಕನ್ನಂಬಾಡಿ ಕಟ್ಟೆಯಲ್ಲ. ಅವರು ಕಟ್ಟಬೇಕೆಂದು ಹಂಬಲಿಸಿಯೂ ಕಟ್ಟಲಾಗದೆ ಹೋದ ಒಂದು ಮೋಟಾರು ಕಾರ್ಖಾನೆ.

ಅವರು ಹುಟ್ಟಿದ್ದು 1861ನೆಯ ಇಸವಿ ಸೆಪ್ಟೆಂಬರ್ 15ರಂದು, ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ. ತಂದೆ ಶ್ರೀನಿವಾಸ ಶಾಸ್ತ್ರಿಗಳು, ತಾಯಿ ವೆಂಕಟಲಕ್ಷ್ಮಮ್ಮನವರು. ಎಳೆಯ ವಯಸ್ಸಿನಲ್ಲೇ ತಂದೆ ತೀರಿಕೊಂಡರು. ಬೆಂಗಳೂರಿನಲ್ಲಿ ಬೇರೆಯವರ ಮಕ್ಕಳಿಗೆ ಮನೆಪಾಠ ಹೇಳಿಕೊಟ್ಟು ಹೊಟ್ಟೆ ಹೊರೆಯುತ್ತ ಸೆಂಟ್ರಲ್ ಕಾಲೇಜಿನಲ್ಲಿ ಓದಿ, 1881ರಲ್ಲಿ ಬಿ.ಎ. ತೇರ್ಗಡೆಯಾದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಗೆ ಹೋಗಿ 1883ರಲ್ಲಿ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗರಾದರು. ಮರುವರ್ಷವೇ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಇಂಜಿನಿಯರಾಗಿ ಸೇರಿದರು. ಹೊಟ್ಟೆಪಾಡಿಗಾಗಿ ಊರು ಬಿಟ್ಟು ದೂರದ ಪ್ರಾಂತ್ಯಕ್ಕೆ ಹೋದ ಕನ್ನಡಿಗರ ಸಾಲಿನಲ್ಲಿ ಅವರೂ ಒಬ್ಬರೆಂಬುದನ್ನು ನಾವು ಎಷ್ಟೋ ವೇಳೆ ಮರೆಯುತ್ತೇವೆ. ಇಪ್ಪತ್ತಕ್ಕೂ ಹೆಚ್ಚು ವರ್ಷ ಅವರು ಮನೆಯಿಂದ ದೂರವೇ ಇದ್ದರು.

ಪುಣೆಗೆ ನೀರೊದಗಿಸುವ ಖಡಕ್‌ವಾಸ್ಲಾ ಕೆರೆಯಲ್ಲಿ ಅವರು ಮಾಡಿದ ಕೆಲಸ ಪ್ರಸಿದ್ಧವಾದದ್ದು. ಮಳೆಗಾಲದಲ್ಲಿ ಕೆರೆ ತುಂಬಿ ಕೋಡಿ ಹರಿದು ನೀರೆಲ್ಲ ವ್ಯರ್ಥವಾಗುತ್ತಿತ್ತು. ಬೇಸಗೆಯಲ್ಲಿ ಊರಿಗೆ ಸಾಲುತ್ತಿರಲಿಲ್ಲ. ಕಟ್ಟೆಯನ್ನು ಎತ್ತರಿಸುವುದು ಅಪಾಯ, ಖರ್ಚೂ ಬಹಳ. ಅವರು ಕೋಡಿಯ ಮೇಲೆ ಕಬ್ಬಿಣದ ಬಾಗಿಲುಗಳನ್ನು ನಿಲ್ಲಿಸಿದರು. ನೀರು ಗೊತ್ತಾದ ಮಟ್ಟವನ್ನು ಮೀರಿದೊಡನೆ ಬಾಗಿಲು ತಾನಾಗಿ ತೆರೆಯುವುದು, ಮಟ್ಟ ಇಳಿದೊಡನೆ ತಾನಾಗಿ ಮುಚ್ಚುವುದು. ನಡುರಾತ್ರಿಯ ಪ್ರವಾಹದಲ್ಲಿ ಯಾರೂ ಓಡಿಹೋಗಿ ಬಾಗಿಲೆತ್ತಬೇಕಾದ್ದಿಲ್ಲ. 1903ರ ಹೊತ್ತಿಗೆ ಇವು ಕೆಲಸ ಮಾಡತೊಡಗಿದವು. ಮುಂದೆ ಗ್ವಾಲಿಯರಿನ ತಿಗ್ರಾ ಕಟ್ಟೆಗೂ ನಮ್ಮ ಕನ್ನಂಬಾಡಿಗೂ ಇಂಥವೇ ಬಾಗಿಲುಗಳು ಬಂದವು. ಈ ಯುಕ್ತಿಗೆ ಅವರು ಪೇಟೆಂಟು ಪಡೆದರು. ಆದರೆ ತಾವೇ ಸರ್ಕಾರದ ಸಂಬಳಗಾರರಾಗಿ ಮಾಡಿದ ಕೆಲಸಕ್ಕೆ ಸರ್ಕಾರದಿಂದಲೇ ಪೇಟೆಂಟಿನ ಹಣ ಪಡೆಯುವುದು ಯುಕ್ತವಲ್ಲವೆಂದು ಬಿಟ್ಟುಬಿಟ್ಟರು. ಕಾಯಿದೆ ಕೊಡುವ ಹಕ್ಕನ್ನು ದಾಖಲೆಯಲ್ಲಿ ಪಡೆದು, ಅದರ ಲಾಭವನ್ನು ಮಾತ್ರ ಬಿಟ್ಟರು. ಪೇಟೆಂಟು ಪಡೆಯುವ ಗೋಜಿಗೇ ಹೋಗದಿದ್ದರೆ ಯಾರೋ ಕಂಪನಿಯವರು ಅದನ್ನು ತಮ್ಮದೆಂದು ಸಾಧಿಸಬಹುದಾಗಿತ್ತಲ್ಲವೆ? ಹೀಗೆಂಬುದು ನನ್ನ ಊಹೆ.

ಬಾಗಿಲಿಗಿಂತಲೂ ನನಗೆ ಹೆಚ್ಚಿನದೆಂದು ತೋರುವುದು 1899ರ ಬ್ಲಾಕ್ ಪದ್ಧತಿ. ಇದನ್ನು ಬಲ್ಲವರು ಕಡಿಮೆ. ದಖ್ಖಣದಲ್ಲಿ ನೀರಾ ಮೊದಲಾದ ನಾಲೆಗಳನ್ನು ಸರ್ಕಾರ ಬಹಳ ಹಣ ಸುರಿದು ತೋಡಿಸಿತ್ತು. ನಾಲೆಯ ತಲೆಯ ಬಳಿ ಇದ್ದ ರೈತರು ಮನಬಂದಂತೆ ನೀರು ಹಾಯಿಸಿ ಕಬ್ಬು ಬೆಳೆಯುತ್ತಿದ್ದರು. ಅಲ್ಲಿ ನೆಲ ಜೌಗಾಗುತ್ತಿತ್ತು, ಕೊನೆಯವರಿಗೆ ತೊಟ್ಟು ನೀರೂ ದೊರೆಯುತ್ತಿರಲಿಲ್ಲ. ಇನ್ನಷ್ಟು ನಾಲೆ ತೋಡುವುದರಿಂದ ಇದು ಸರಿಹೋಗುವುದಲ್ಲವೆಂದು ವಿಶ್ವೇಶ್ವರಯ್ಯನವರು ಕಂಡುಕೊಂಡರು. ಪ್ರತಿ ಹಳ್ಳಿಯಲ್ಲೂ ಒಳ್ಳೆಯ ಮಣ್ಣಿನ ಜಾಗಗಳನ್ನು ಆರಿಸಿ ಬ್ಲಾಕುಗಳಾಗಿ ವಿಂಗಡಿಸುವುದು; ಆ ಬ್ಲಾಕಿನೊಳಗೆ ಒಂದು ಭಾಗ ಕಬ್ಬಿಗೆ, ಉಳಿದದ್ದು ಭತ್ತಕ್ಕೂ ಕಡಿಮೆ ನೀರಿನ ಬೆಳೆಗಳಿಗೂ ಮೀಸಲಾಗುವುದು; ವರ್ಷವರ್ಷವೂ ಸರದಿಯಂತೆ ಇದು ಬದಲಾಗುವುದು; ನೀರು ಗೊತ್ತಾದ ಅವಧಿಗೆ ಖಚಿತವಾಗಿ ದೊರೆಯುವುದು. ಇಷ್ಟೇ ಆ ಪದ್ಧತಿ. ಒಂದು ಇಟ್ಟಿಗೆಯನ್ನೂ ಇಡದೆ, ಬರಿಯ ಕಟ್ಟಳೆಯಿಂದಲೇ ಅದೇ ನೀರು ಹೆಚ್ಚು ಜನರಿಗೆ ಮುಟ್ಟುವಂತಾಯಿತು. ಅನುಕೂಲವಂತ ಜಮೀನುದಾರರು ಮೊದಮೊದಲು ವಿರೋಧಿಸಿದರು. ವಿರೋಧಿಸದೆ ಇರುತ್ತಾರೆಯೇ! ಈಗಲೂ ಮಂಡ್ಯದ ಕಡೆಯ ಹಿರಿಯ ರೈತರ ಬಾಯಲ್ಲಿ ಬ್ಲಾಕ್ ಎಂಬ ಮಾತು ಕೇಳುತ್ತದೆ. ಅದರ ಮೂಲ ಇಲ್ಲಿದೆ.

1908ರಲ್ಲಿ ಅವರು ಮುಂಬಯಿ ಕೆಲಸವನ್ನು ಬಿಟ್ಟರು. ಆ ವರ್ಷ ಮೂಸಿ ಹೊಳೆಯ ಪ್ರವಾಹದಿಂದ ಹಾಳಾದ ಹೈದರಾಬಾದಿಗೆ ರಕ್ಷಣೆಯ ಯೋಜನೆ ಮಾಡಿಕೊಟ್ಟು, 1909ರ ಕೊನೆಯಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರಾಗಿ ಬಂದರು. ನಾಲ್ವಡಿ ಕೃಷ್ಣರಾಜ ಒಡೆಯರವರ ಬೆಂಬಲದಿಂದ 1911ರಲ್ಲಿ ಕನ್ನಂಬಾಡಿಯ ಕೆಲಸ ಆರಂಭವಾಯಿತು. ಆ ಕಥೆಯನ್ನು ನಮ್ಮ ಮಕ್ಕಳೂ ಬಲ್ಲರಾದ್ದರಿಂದ ಇಲ್ಲಿ ಬೆಳೆಸುವುದಿಲ್ಲ. 1912ರಲ್ಲಿ ದಿವಾನರಾದ ಮೇಲೆ ಆರು ವರ್ಷಗಳಲ್ಲಿ ಅವರು ನಡೆಸಿದ ಆಡಳಿತವೇ ಪ್ರಕೃತ ನಮ್ಮ ವಿಷಯ.

ಕೈಗಾರಿಕೆಯಿಲ್ಲದೆ ನಾಡಿಗೆ ಉಳಿಗಾಲವಿಲ್ಲವೆಂಬುದು ಅವರ ದೃಢವಾದ ನಂಬಿಕೆ. 1898ರಲ್ಲಿ ಜಪಾನಿಗೆ ಹೋಗಿಬಂದಂದಿನಿಂದ ಅದು ಬೇರೂರಿತ್ತು. ಆದರೆ ಯಂತ್ರ ತರಿಸಿ ನಿಲ್ಲಿಸಿದ ಮಾತ್ರಕ್ಕೆ ಕೈಗಾರಿಕೆ ನಿಲ್ಲುವುದಿಲ್ಲ. ಹಣ ಒದಗಬೇಕು, ಕೆಲಸ ಬಲ್ಲವರು ದೊರೆಯಬೇಕು, ಕಚ್ಚಾಸಾಮಗ್ರಿ ನಿಶ್ಚಿತವಾಗಿ ಬರಬೇಕು, ಸರ್ಕಾರ ನಾಳೆ ಮಾತು ಬದಲಾಯಿಸದೆಂಬ ಭರವಸೆ ಇರಬೇಕು. ಇದಕ್ಕಾಗಿ 1911ರಲ್ಲೇ ಅಧಿಕಾರಿಗಳೂ ವರ್ತಕರೂ ರೈತರೂ ಒಂದೆಡೆ ಕುಳಿತು ವಿಚಾರಿಸುವ ಮೈಸೂರು ಆರ್ಥಿಕ ಸಮ್ಮೇಳನ ಹುಟ್ಟಿತ್ತು. 1913ರಲ್ಲಿ ಪ್ರಾಥಮಿಕ ವಿದ್ಯಾಭ್ಯಾಸವನ್ನು ಕಡ್ಡಾಯ ಮಾಡುವ ಕಾಯಿದೆ ಬಂತು. ಅದೇ ವರ್ಷ 20 ಲಕ್ಷ ರೂಪಾಯಿಗಳ ಅಧಿಕೃತ ಬಂಡವಾಳದಿಂದ ಮೈಸೂರು ಬ್ಯಾಂಕು ತೆರೆಯಿತು. ನಾನು ಬಿ.ಕಾಂ. ಓದುವಾಗ ಬ್ಯಾಂಕುಗಳ ಚರಿತ್ರೆಯನ್ನು ಉರು ಹೊಡೆದಿದ್ದೆನೇ ಹೊರತು, ಕಾರ್ಖಾನೆ ಬರುವ ಮೊದಲೇ ಅದಕ್ಕೆ ಸಾಲ ಕೊಡತಕ್ಕ ಬ್ಯಾಂಕನ್ನು ಸಿದ್ಧಮಾಡಿದ ದಿವಾನರ ಮುಂದಾಲೋಚನೆ ಆಗ ನನಗೆ ಹೊಳೆದಿರಲಿಲ್ಲ. 2017ರಲ್ಲಿ ಆ ಬ್ಯಾಂಕು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಲೀನವಾಯಿತು. ಬೆಂಗಳೂರಿನ ವೃತ್ತವೊಂದರ ಹೆಸರಿನಲ್ಲಿ ಮಾತ್ರ ಇಂದಿಗೂ ಉಳಿದಿದೆ. 1916ರಲ್ಲಿ ವಿಶ್ವವಿದ್ಯಾನಿಲಯವೂ 1917ರಲ್ಲಿ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜೂ ಆದವು.

ಗಂಧದೆಣ್ಣೆಯ ವೃತ್ತಾಂತವನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕು. ಟಿಪ್ಪು ಸುಲ್ತಾನನ ಕಾಲದಿಂದಲೂ ಮೈಸೂರು ಸೀಮೆಯಲ್ಲಿ ಗಂಧದ ಮರ ಯಾರ ಹೊಲದಲ್ಲಿ ಬೆಳೆದರೂ ಸರ್ಕಾರದ್ದೇ ಆಗಿತ್ತು. ಈ ಹಳೆಯ ಕಟ್ಟಳೆಯಿಂದ ರೈತನಿಗೆ ತೊಂದರೆಯೇ ಹೆಚ್ಚಾಗಿತ್ತು ಎಂಬುದು ನಿಜ. ಸರ್ಕಾರವಾದರೋ ಮರವನ್ನು ಹರಾಜು ಹಾಕಿ ಹಣ ಎಣಿಸಿಕೊಳ್ಳುತ್ತಿತ್ತು. ಕೊರಡುಗಳು ಜರ್ಮನಿಗೆ ಹೋಗಿ ಎಣ್ಣೆಯಾಗುತ್ತಿದ್ದವು. 1914ರಲ್ಲಿ ಮಹಾಯುದ್ಧ ಆರಂಭವಾದೊಡನೆ ಕೊಳ್ಳುವವರಿಲ್ಲದೆ ಮರ ಬಿದ್ದಿತು. ಆಗ ಬೆಂಗಳೂರಿನ ವಿಜ್ಞಾನಮಂದಿರದಲ್ಲಿ ಸಡ್‌ಬರೋ ಮತ್ತು ವಾಟ್ಸನ್ ಎಂಬ ರಸಾಯನಶಾಸ್ತ್ರಜ್ಞರು ಎಣ್ಣೆ ಇಳಿಸುವ ಪ್ರಯೋಗ ನಡೆಸಿದರು. ಸರ್ಕಾರ ಆ ಪ್ರಯೋಗವನ್ನು ಪುಸ್ತಕದಲ್ಲಿ ಉಳಿಯಗೊಡದೆ 1916ರಲ್ಲಿ ಕಾರ್ಖಾನೆಯಾಗಿ ಮಾಡಿತು. ಮರ ಯಾವಾಗಲೂ ಸರ್ಕಾರದ ಕೈಯಲ್ಲೇ ಇದ್ದುದರಿಂದ ಕಾರ್ಖಾನೆಗೆ ಸಾಮಗ್ರಿಯ ಚಿಂತೆಯಿರಲಿಲ್ಲ. ಅದರ ಬೆನ್ನಿಗೇ ಸಾಬೂನಿನ ಕಾರ್ಖಾನೆ ಬಂತು. ಊರಿನಿಂದ ಬರುವವರು ನಮಗೆ ತಂದುಕೊಡುವ ಮೈಸೂರು ಸ್ಯಾಂಡಲ್ ಸೋಪಿನ ಹುಟ್ಟು ಹೀಗೆ.

ದಿವಾನಗಿರಿಯ ಕೊನೆಯ ಸಂಗತಿಯನ್ನೂ ಮರೆಮಾಚಬಾರದು. ಬ್ರಾಹ್ಮಣೇತರರಿಗೆ ಸರ್ಕಾರಿ ಉದ್ಯೋಗಗಳಲ್ಲಿ ತಕ್ಕ ಪಾಲು ದೊರಕಿಸುವುದನ್ನು ವಿಚಾರಿಸಲು ಮಹಾರಾಜರು 1918ರಲ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಿದರು. ವಿಶ್ವೇಶ್ವರಯ್ಯನವರಿಗೆ ಇದು ಒಪ್ಪಿಗೆಯಾಗಲಿಲ್ಲ. ಯೋಗ್ಯತೆಯೊಂದೇ ಅಳತೆಗೋಲಾಗಿರಬೇಕೆಂದು ಅವರ ವಾದ. ಆ ವರ್ಷದ ಕೊನೆಗೆ ಪದವಿಯನ್ನು ಬಿಟ್ಟರು. ಅವರ ಮೇಲೆ ನನಗೆಷ್ಟೇ ಭಕ್ತಿಯಿದ್ದರೂ ಇಲ್ಲಿ ಮಹಾರಾಜರೇ ಸರಿಯೆಂದು ನನ್ನ ಅಭಿಪ್ರಾಯ. ನಾಲೆಯ ತಲೆಯಲ್ಲಿದ್ದವರೇ ನೀರೆಲ್ಲ ಕುಡಿಯುವುದನ್ನು ಕಟ್ಟಳೆಯಿಂದ ತಡೆದವರು, ಉದ್ಯೋಗದ ನಾಲೆಯಲ್ಲಿ ಅದನ್ನೇ ಕಾಣದೆ ಹೋದರು.

ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಅವರ ಕಾಲದಲ್ಲಿ ಮಂಜೂರಾಗಿ, 1923ರಲ್ಲಿ ಕೆಲಸ ಆರಂಭಿಸಿತು. ಕಲ್ಲಿದ್ದಲಿಲ್ಲದ ಸೀಮೆಯಲ್ಲಿ ಮಲೆನಾಡಿನ ಸೌದೆಯ ಇದ್ದಲಿನಿಂದ ಕಬ್ಬಿಣ ಕರಗಿಸುವ ಸಾಹಸ ಅದು. ಬೆಲೆ ಕುಸಿದು ನಷ್ಟ ತೋರಿದಾಗ ಎಲ್ಲರೂ ಬೈದರು. ಆಗ ಅವರೇ ಬಂದು ಆಡಳಿತ ಮಂಡಲಿಯ ಅಧ್ಯಕ್ಷತೆ ವಹಿಸಿ 1929ರವರೆಗೆ ಅದನ್ನು ದುಡಿಸಿ ದಾರಿಗೆ ತಂದರು.

ಇನ್ನು ಮೋಟಾರು ಕಾರ್ಖಾನೆ. ಆ ಕಾಲಕ್ಕೆ ನಮ್ಮ ದೇಶದಲ್ಲಿ ಕಾರು ತಯಾರಾಗುತ್ತಿರಲಿಲ್ಲ. ಜನರಲ್ ಮೋಟಾರ್ಸ್, ಫೋರ್ಡ್ ಮೊದಲಾದ ಕಂಪನಿಗಳು ಹೊರದೇಶದಿಂದ ಬಂದ ಭಾಗಗಳನ್ನು ಇಲ್ಲಿ ಜೋಡಿಸಿ ಮಾರುತ್ತಿದ್ದವು. ಜೋಡಿಸುವವನು ಕೂಲಿ ಪಡೆಯುತ್ತಾನೆ, ವಿದ್ಯೆ ಮಾತ್ರ ಅವನಿಗೆ ಬರುವುದಿಲ್ಲ. ಇಂಜಿನನ್ನು ಇಲ್ಲಿಯೇ ಎರಕ ಹೊಯ್ದು ಕೆತ್ತುವುದಾದರೆ ಉಕ್ಕು, ರಬ್ಬರು, ಗಾಜು, ಬಣ್ಣ, ಹೀಗೆ ಹತ್ತಾರು ಕಸಬುಗಳು ಅದರೊಂದಿಗೆ ಬೆಳೆಯುವುವೆಂದು ವಿಶ್ವೇಶ್ವರಯ್ಯನವರು ಎಣಿಸಿದರು. 1934ರಲ್ಲಿ ಯೋಜನಾಬದ್ಧ ಆರ್ಥಿಕತೆಯ ಮೇಲೆ ಗ್ರಂಥ ಬರೆದಿದ್ದರು. ಮರುವರ್ಷ, ತಮ್ಮ ಎಪ್ಪತ್ತನಾಲ್ಕರ ವಯಸ್ಸಿನಲ್ಲಿ, ಯೂರೋಪು ಅಮೆರಿಕಗಳಿಗೆ ಪ್ರಯಾಣಮಾಡಿ ಅಲ್ಲಿಯ ಮೋಟಾರು ಕಾರ್ಖಾನೆಗಳನ್ನು ನೋಡಿ, ಯಂತ್ರಗಳ ಬೆಲೆ, ಕೆಲಸಗಾರರ ಸಂಖ್ಯೆ, ಒಂದು ಗಾಡಿಗೆ ತಗಲುವ ವೆಚ್ಚ ಎಲ್ಲವನ್ನೂ ಲೆಕ್ಕ ಹಾಕಿ ಯೋಜನೆಯನ್ನು ಸಿದ್ಧಪಡಿಸಿದರು. ಹಡಗಿನ ಉದ್ಯಮಿ ವಾಲ್‌ಚಂದ್ ಹೀರಾಚಂದರು ಬಂಡವಾಳಕ್ಕೆ ಮುಂದೆ ಬಂದರು.

ಅವರು ಭಾರತ ಸರ್ಕಾರವನ್ನು ಕೇಳಿದ್ದು ಹಣವನ್ನಲ್ಲ. ಹೊರಗಿನ ಗಾಡಿಗಳ ಮೇಲೆ ಆಗ ಇದ್ದ ಸುಂಕವನ್ನು ಕೆಲವು ವರ್ಷ ಇಳಿಸುವುದಿಲ್ಲವೆಂದು ಮಾತು ಕೊಡಬೇಕು. ಸರ್ಕಾರಕ್ಕೂ ಸೈನ್ಯಕ್ಕೂ ಬೇಕಾದ ಗಾಡಿಗಳಲ್ಲಿ ಒಂದಷ್ಟನ್ನು ಇಲ್ಲಿ ಕೊಳ್ಳಬೇಕು. ನಾನು ಬ್ಯಾಂಕಿನವನಾಗಿ ಹೇಳುವುದಾದರೆ, ಇದು ಅತಿ ಸಾಮಾನ್ಯವಾದ ಬೇಡಿಕೆ. ಹತ್ತು ವರ್ಷದ ಸಾಲ ಕೊಡುವವನು ಹತ್ತು ವರ್ಷದ ನಿಯಮ ಯಾವುದೆಂದು ಮೊದಲು ಕೇಳುತ್ತಾನೆ. ನಿಯಮ ತಿಳಿಯದಿದ್ದರೆ ಎಷ್ಟೇ ಒಳ್ಳೆಯ ಯಂತ್ರವಿದ್ದರೂ ಅವನು ಕಡತ ಮುಚ್ಚುತ್ತಾನೆ. ಮುಂಬಯಿಯಲ್ಲಿ 1937ರಲ್ಲಿ ಬಂದ ಕಾಂಗ್ರೆಸ್ ಮಂತ್ರಿಮಂಡಲ ಸಹಾನುಭೂತಿ ತೋರಿತು. ಮೈಸೂರಿನಲ್ಲಿ ದಿವಾನ್ ಮಿರ್ಜಾ ಇಸ್ಮಾಯಿಲರು ಬಂಡವಾಳದ ಮೇಲಿನ ಪ್ರತಿಫಲಕ್ಕೆ ಸಂಸ್ಥಾನದ ಖಾತರಿ ಕೊಡಲು ಒಪ್ಪಿದ್ದರು. 1940ರಲ್ಲಿ ಅಮೆರಿಕದ ಕ್ರೈಸ್ಲರ್ ಕಂಪನಿಯೊಡನೆ ಒಪ್ಪಂದವೂ ಆಯಿತು. ಆದರೆ ದೆಹಲಿಯ ಬ್ರಿಟಿಷ್ ಸರ್ಕಾರ ಭರವಸೆ ಕೊಡಲಿಲ್ಲ. ಯುದ್ಧಕಾಲವೆಂಬ ನೆಪ ಬಂತು. ಮೈಸೂರು ಸಂಸ್ಥಾನ ಕೂಡ ಮೇಲಿನ ಒತ್ತಡಕ್ಕೆ ಮಣಿದು ಹಿಂದೆಗೆಯಬೇಕಾಯಿತು. ಅದೇ 1940ರ ಡಿಸೆಂಬರಿನಲ್ಲಿ ಅದೇ ವಾಲ್‌ಚಂದರು ಅದೇ ಮೈಸೂರು ಸರ್ಕಾರದೊಡನೆ ಕೂಡಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆಯನ್ನು ಆರಂಭಿಸಿದರು! ವಿಮಾನ ಯುದ್ಧಕ್ಕೆ ಬೇಕಾಗಿತ್ತು, ಅನುಮತಿ ದೊರೆಯಿತು. ಬೆಂಗಳೂರಿಗೆ ವಿಮಾನದ ವಿದ್ಯೆ ಬಂದದ್ದೂ ಕಾರಿನ ವಿದ್ಯೆ ಬಾರದೆ ಹೋದದ್ದೂ ಒಂದೇ ಸಮಯದಲ್ಲಿ, ಜನರ ಸಾಮರ್ಥ್ಯದಲ್ಲಿ ಯಾವ ಭೇದವೂ ಇಲ್ಲದೆ.

ವಾಲ್‌ಚಂದರು 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಸ್ಥಾಪಿಸಿದರು. ವಿಶ್ವೇಶ್ವರಯ್ಯನವರು ಸುಮ್ಮನೆ ಕುಳಿತವರಲ್ಲ. ಇಂಥ ವಿಷಯಗಳನ್ನು ಸರ್ಕಾರದ ಮುಂದಿಡಲು 1941ರಲ್ಲಿ ಅಖಿಲ ಭಾರತ ತಯಾರಕರ ಸಂಸ್ಥೆಯನ್ನು ಕಟ್ಟಿ ಅದರ ಅಧ್ಯಕ್ಷರಾದರು. 1951ರಲ್ಲಿ ತಮ್ಮ ಆತ್ಮಕಥನವನ್ನು ಪ್ರಕಟಿಸಿದರು. ಮೋಟಾರು ಯೋಜನೆಯ ಸಂಗತಿಯನ್ನೂ ಅದರಲ್ಲಿ ಬರೆದಿದ್ದಾರೆ. 1955ರಲ್ಲಿ ಭಾರತರತ್ನ ಬಂತು. 1962ರ ಏಪ್ರಿಲ್ ತಿಂಗಳಲ್ಲಿ, ನೂರರ ಹರೆಯದಲ್ಲಿ, ಬೆಂಗಳೂರಿನಲ್ಲಿ ಕಾಲವಾದರು.

ಅದಾದ ಇಪ್ಪತ್ತು ವರ್ಷಕ್ಕೆ ಸ್ವತಂತ್ರ ಭಾರತದ ಸರ್ಕಾರವೇ ಜಪಾನಿನ ಸುಜುಕಿಯವರೊಡನೆ ಕೈಕೂಡಿಸಿ, 1983ರ ಡಿಸೆಂಬರಿನಲ್ಲಿ ಗುರುಗ್ರಾಮದಿಂದ ಮೊದಲ ಮಾರುತಿ ಕಾರನ್ನು ಹೊರಕ್ಕೆ ತಂದಿತು. ಭಾಗಗಳನ್ನು ವರ್ಷವರ್ಷಕ್ಕೂ ಹೆಚ್ಚುಹೆಚ್ಚಾಗಿ ಇಲ್ಲಿಯೇ ಮಾಡಬೇಕೆಂಬ ನಿಯಮ ಅದರ ಜೊತೆಗೇ ಬಂದಿತ್ತು. ನಾವು ಇಲ್ಲಿಗೆ ಬಂದು ಸೇರಿದ್ದು ಆ ನಿಯಮದ ಬೆನ್ನು ಹಿಡಿದು ಹುಟ್ಟಿದ ಬಿಡಿಭಾಗಗಳ ಕಾರ್ಖಾನೆಗಳಿಂದ. 2006ರಲ್ಲಿ ಮಾನೇಸರದ ಮಾರುತಿ ಕಾರ್ಖಾನೆ ಕೆಲಸ ಆರಂಭಿಸಿತು.

ಮುದ್ದೇನಹಳ್ಳಿಯಲ್ಲಿ ಅವರು ಹುಟ್ಟಿದ ಮನೆಯನ್ನು ಉಳಿಸಿಕೊಂಡು ಬಂದಿದ್ದಾರೆ. ಸಮಾಧಿಯೂ ಅಲ್ಲಿಯೇ ಇದೆ. ರಜೆಗೆಂದು ಊರಿಗೆ ಹೋಗಿ ಮಕ್ಕಳನ್ನು ನಂದಿಬೆಟ್ಟಕ್ಕೆ ಕರೆದೊಯ್ಯುವವರು ಇನ್ನು ಸ್ವಲ್ಪ ದೂರ ಹೋದರೆ ನೋಡಿಕೊಂಡು ಬರಬಹುದು.