ಊರು ಉಳಿಸಿಕೊಂಡ ತಂಡ ಮತ್ತು ಹರ್ಬರ್ಟ್ ಚಾಪ್‌ಮನ್

ಫುಟ್‌ಬಾಲ್ ಕ್ಲಬ್ಬೊಂದನ್ನು ಹುಟ್ಟುಹಾಕಲು ಬಂಡವಾಳವಿದ್ದರೆ ಸಾಕು. ಅದು ಬಾಳಬೇಕಾದರೆ ಒಂದು ಊರು ಬೇಕು. ಇಂಗ್ಲೆಂಡಿನ ಹರ್ಬರ್ಟ್ ಚಾಪ್‌ಮನ್ ಅವರ ಜೀವನವೃತ್ತಾಂತವನ್ನು ಓದುವಾಗಲೆಲ್ಲ ನನಗೆ ಮನದಟ್ಟಾಗುವ ಸಂಗತಿ ಇದು. ಲಂಡನ್ನಿನ ಆರ್ಸೆನಲ್ ತಂಡದ ಶಿಲ್ಪಿ ಎಂದೇ ಜಗತ್ತು ಅವರನ್ನು ಸ್ಮರಿಸುತ್ತದೆ. ಆದರೆ ಆ ಬದುಕಿನ ಹೆಚ್ಚು ಬೋಧಪ್ರದವಾದ ಅಧ್ಯಾಯಗಳು ಅದಕ್ಕೂ ಮೊದಲಿನವು. ಫುಟ್‌ಬಾಲ್ ಇನ್ನೂ ಬೇರು ಬಿಡದಿದ್ದ ಊರುಗಳಿಗೆ ಸೇರಿದವು.

ಚಾಪ್‌ಮನ್ ಜನಿಸಿದ್ದು 1878ರಲ್ಲಿ, ಶೆಫೀಲ್ಡ್ ನಗರದ ಸಮೀಪದ ಕಿವೆಟನ್ ಪಾರ್ಕ್ ಎಂಬ ಕಲ್ಲಿದ್ದಲು ಗಣಿಯ ಹಳ್ಳಿಯಲ್ಲಿ. ತಂದೆ ಗಣಿ ಕಾರ್ಮಿಕ. ಮಗ ಗಣಿ ಎಂಜಿನಿಯರಿಂಗ್ ಅಭ್ಯಾಸ ಮಾಡಿದರೂ ಮನಸ್ಸು ಆಟದ ಕಡೆಗಿತ್ತು. ಹಲವು ತಂಡಗಳಲ್ಲಿ ಆಡಿದರು, ಯಾವುದರಲ್ಲೂ ವಿಶೇಷ ಹೆಸರು ಮಾಡಲಿಲ್ಲ. 1907ರಲ್ಲಿ ಸದರ್ನ್ ಲೀಗ್‌ನ ತಳದಲ್ಲಿದ್ದ ನಾರ್ಥಾಂಪ್ಟನ್ ತಂಡದ ಹೊಣೆ ಅವರ ಪಾಲಿಗೆ ಬಂತು. 1909ರಲ್ಲಿ ಅದೇ ತಂಡ ಆ ಲೀಗ್‌ನ ಚಾಂಪಿಯನ್ ಆಯಿತು. ಅವರ ನಿಜವಾದ ಪ್ರತಿಭೆ ಆಟದಲ್ಲಲ್ಲ, ಆಡಳಿತದಲ್ಲಿದೆ ಎಂಬುದು ಆಗ ಬೆಳಕಿಗೆ ಬಂತು.

1912ರಲ್ಲಿ ಅವರು ಲೀಡ್ಸ್ ಸಿಟಿ ಸೇರಿದರು. ಯಾರ್ಕ್‌ಶೈರಿನ ಆ ಭಾಗ ರಗ್ಬಿಯ ನಾಡು. 1904ರಲ್ಲಿ ಹುಟ್ಟಿದ್ದ ಈ ಕ್ಲಬ್ಬಿನ ಮೈದಾನ ಕೂಡ ಮುಚ್ಚಿಹೋದ ರಗ್ಬಿ ತಂಡವೊಂದು ಬಿಟ್ಟುಹೋದದ್ದು. ಎರಡನೇ ಡಿವಿಷನ್ನಿನ 20 ತಂಡಗಳಲ್ಲಿ 19ನೆಯ ಸ್ಥಾನಕ್ಕೆ ಇಳಿದಿದ್ದ ಅದು, ಲೀಗ್‌ನಲ್ಲಿ ಉಳಿಯಲು ಇತರ ಕ್ಲಬ್ಬುಗಳ ಮತ ಯಾಚಿಸಬೇಕಾಗಿತ್ತು. ಚಾಪ್‌ಮನ್ ಬೆಂಬಲ ಒಟ್ಟುಗೂಡಿಸಿದರು, ತಂಡ ಉಳಿಯಿತು. ಎರಡು ವರ್ಷಗಳಲ್ಲಿ ಅದು ನಾಲ್ಕನೆಯ ಸ್ಥಾನಕ್ಕೇರಿತು, ಪ್ರೇಕ್ಷಕರೂ ಹೆಚ್ಚಿದರು.

ಅಷ್ಟರಲ್ಲಿ ಮೊದಲನೆಯ ಮಹಾಯುದ್ಧ ಬಂತು. ಚಾಪ್‌ಮನ್ 1916ರಿಂದ ಬಾರ್ನ್‌ಬೋ ಶೆಲ್ ಕಾರ್ಖಾನೆಯ ಆಡಳಿತದಲ್ಲಿ ದುಡಿದರು. ಯುದ್ಧಕಾಲದಲ್ಲಿ ಆಟಗಾರರಿಗೆ ನಿಯಮಬಾಹಿರವಾಗಿ ಹಣ ಕೊಟ್ಟ ಆರೋಪ ಕ್ಲಬ್ಬಿನ ಮೇಲೆ ಬಂತು. ಲೆಕ್ಕಪತ್ರ ಒಪ್ಪಿಸಲು ನಿರ್ದೇಶಕರು ನಿರಾಕರಿಸಿದ್ದರಿಂದ 1919ರ ಅಕ್ಟೋಬರಿನಲ್ಲಿ ಲೀಗ್ ಅದನ್ನು ಉಚ್ಚಾಟಿಸಿತು. ಹೋಟೆಲೊಂದರಲ್ಲಿ ಆಟಗಾರರನ್ನು ಹರಾಜು ಹಾಕಲಾಯಿತು. ಒಟ್ಟು ಬಂದದ್ದು 9,250 ಪೌಂಡು. ಚಾಪ್‌ಮನ್ ಅವರ ಮೇಲೂ ನಿಷೇಧ ಬಿತ್ತು. ಆ ಅವಧಿಯಲ್ಲಿ ತಾನು ಕಾರ್ಖಾನೆಯಲ್ಲಿದ್ದೆನೆಂಬುದು ಅವರ ಸಮಜಾಯಿಷಿ. ಅದರಲ್ಲಿ ಸತ್ಯವಿದೆ. ಆದರೂ ಮೂರು ದಶಕಗಳಿಗೂ ಹೆಚ್ಚು ಕಾಲ ಕಡತಗಳ ನಡುವೆ ಕಳೆದ ನನಗೆ, ಕಚೇರಿಯಿಂದ ದೂರವಿದ್ದ ಮಾತ್ರಕ್ಕೆ ಕಚೇರಿಯ ಮುಖ್ಯಸ್ಥನ ಹೊಣೆ ಪೂರ್ತಿ ಕಳಚುವುದಿಲ್ಲ ಎನಿಸುತ್ತದೆ. ಅದಿರಲಿ, ಜನ ಬೆಳೆಸಿದ ಕ್ಲಬ್ಬನ್ನು ಕೆಲವರ ಲೆಕ್ಕದ ಪುಸ್ತಕ ಮುಳುಗಿಸಿತು ಎಂಬುದಂತೂ ನಿಜ.

ಕಥೆ ತಿರುವು ಪಡೆಯುವುದು ಇಲ್ಲಿ. ಲೀಡ್ಸ್‌ನಿಂದ ಸುಮಾರು 25 ಕಿ.ಮೀ. ದೂರದ ಹಡರ್ಸ್‌ಫೀಲ್ಡ್ ಉಣ್ಣೆ ಗಿರಣಿಗಳ ಊರು. ರಗ್ಬಿ ಲೀಗ್ ಆಟದ ಮೂಲ ಸಂಸ್ಥೆ 1895ರಲ್ಲಿ ಸ್ಥಾಪನೆಯಾದದ್ದು ಈ ಊರಿನ ಜಾರ್ಜ್ ಹೋಟೆಲಿನಲ್ಲಿ. 1914-15ರಲ್ಲಿ ಇಲ್ಲಿನ ರಗ್ಬಿ ತಂಡ ಲಭ್ಯವಿದ್ದ ನಾಲ್ಕೂ ಪ್ರಶಸ್ತಿಗಳನ್ನು ಗೆದ್ದಿತ್ತು. ಅಂಥ ಊರಿನಲ್ಲಿ 1908ರಲ್ಲಿ ಹುಟ್ಟಿ, 1910ರಲ್ಲಿ ಎರಡನೇ ಡಿವಿಷನ್ ಸೇರಿದ ಫುಟ್‌ಬಾಲ್ ಕ್ಲಬ್ಬನ್ನು ಕೇಳುವವರು ಕಡಿಮೆ. ಲೀಡ್ಸ್‌ನ ಮೈದಾನ ತೆರವಾದೊಡನೆ, ಸಾಲ ಕೊಟ್ಟು ಕ್ಲಬ್ಬನ್ನು ನಡೆಸುತ್ತಿದ್ದ ಹಿಲ್ಟನ್ ಕ್ರೌದರ್ ಅದನ್ನು ಅಲ್ಲಿಗೆ ಸ್ಥಳಾಂತರಿಸಲು ಹೊರಟರು. ವ್ಯಾಪಾರದ ದೃಷ್ಟಿಯಿಂದ ನೋಡಿದರೆ ಅದು ಸರಿಯಾದ ನಿರ್ಧಾರವೇ.

ಆದರೆ ಊರು ಒಪ್ಪಲಿಲ್ಲ. ಅಲ್ಲಿಯವರೆಗೆ ಪಂದ್ಯಕ್ಕೆ ಬರಲು ಉದಾಸೀನ ತೋರಿದ್ದ ಜನ ಪ್ರತಿಭಟಿಸಿದರು, ಹಣ ಕೂಡಿಸಿದರು, ಷೇರು ಕೊಂಡರು. ತಂಡ ಉಳಿಯಿತು. ಅದೇ ಋತುವಿನಲ್ಲಿ ಎಫ್.ಎ. ಕಪ್ ಫೈನಲ್ ತಲುಪಿ, ಮೊದಲನೇ ಡಿವಿಷನ್ನಿಗೂ ಬಡ್ತಿ ಪಡೆಯಿತು. ಗೆಲುವು ಬಂದರೆ ಜನ ತಾವಾಗಿ ಬರುತ್ತಾರೆ ಎಂಬ ವಾದವಿದೆ. ಇಲ್ಲಿ ಊರು ಕೈಯಿಂದ ಹಣ ಹಾಕಿದಾಗ ಕ್ಲಬ್ಬು ಒಂದೂ ದೊಡ್ಡ ಪ್ರಶಸ್ತಿಯನ್ನು ಗೆದ್ದಿರಲಿಲ್ಲ ಎಂಬುದನ್ನು ಓದುಗರು ಗಮನಿಸಬೇಕು.

1920ರ ಕೊನೆಗೆ ಚಾಪ್‌ಮನ್ ಉದ್ಯೋಗವನ್ನೂ ಕಳೆದುಕೊಂಡಿದ್ದರು. ಹಡರ್ಸ್‌ಫೀಲ್ಡ್ ಅವರ ಮೇಲ್ಮನವಿಯನ್ನು ಬೆಂಬಲಿಸಿತು; ನಿಷೇಧ ತೆರವಾಗಿ 1921ರಲ್ಲಿ ಅವರು ಆ ಕ್ಲಬ್ಬಿನ ಮ್ಯಾನೇಜರ್ ಆದರು. ಮೀಸಲು ತಂಡಗಳೂ ಮೊದಲ ತಂಡದ ಶೈಲಿಯಲ್ಲೇ ಆಡಬೇಕೆಂದು ನಿಯಮ ಮಾಡಿದರು. 1922ರಲ್ಲಿ ಎಫ್.ಎ. ಕಪ್, 1924 ಮತ್ತು 1925ರಲ್ಲಿ ಲೀಗ್ ಪ್ರಶಸ್ತಿ ಬಂದವು. ಅವರು ಆರ್ಸೆನಲ್‌ಗೆ ತೆರಳಿದ ಮೇಲೂ, 1926ರಲ್ಲಿ, ತಂಡ ಗೆದ್ದಿತು. ಸತತ ಮೂರು ಬಾರಿ ಲೀಗ್ ಗೆದ್ದ ಮೊದಲ ಕ್ಲಬ್ಬು ಅದು. ವ್ಯಕ್ತಿ ಹೋದ ಮೇಲೂ ವ್ಯವಸ್ಥೆ ನಡೆಯುವುದು ಒಳ್ಳೆಯ ಆಡಳಿತದ ಲಕ್ಷಣ.

ಆರ್ಸೆನಲ್‌ನಲ್ಲಿ ಅವರು ಹಲವು ಪ್ರಶಸ್ತಿಗಳನ್ನು ಗೆದ್ದರು. ಆದರೆ 1932ರಲ್ಲಿ ಮೈದಾನದ ಪಕ್ಕದ ಭೂಗತ ರೈಲು ನಿಲ್ದಾಣಕ್ಕೆ ಕ್ಲಬ್ಬಿನ ಹೆಸರನ್ನೇ ಇಡಿಸಿದ್ದು ನನಗೆ ಅಷ್ಟೇ ಮುಖ್ಯವೆನಿಸುತ್ತದೆ. ನಿತ್ಯ ಓಡಾಡುವವನ ಕಣ್ಣಿಗೆ ತಂಡದ ಹೆಸರು ಬೀಳಬೇಕೆಂಬುದು ಅವರ ಲೆಕ್ಕಾಚಾರ. 1934ರ ಜನವರಿಯಲ್ಲಿ, ನೆಗಡಿಯನ್ನು ಲೆಕ್ಕಿಸದೆ ತಮ್ಮ ಮೂರನೇ ತಂಡದ ಪಂದ್ಯ ನೋಡಲು ಹೋದರು. ಅದು ನ್ಯುಮೋನಿಯಾಕ್ಕೆ ತಿರುಗಿ, ಜನವರಿ 6ರಂದು, 55ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ಕಂಡುಕೊಂಡದ್ದು ಇಷ್ಟು: ಹಡರ್ಸ್‌ಫೀಲ್ಡಿನ ಜನ ಕೊಂಡ ಷೇರಿನ ಪ್ರತಿಫಲ ಲಾಭಾಂಶವಲ್ಲ, ಹಕ್ಕು. ಸದಸ್ಯರ ಸ್ವಂತ ಪಾಲಿಲ್ಲದೆ ಬರೀ ಸರ್ಕಾರದ ಬಂಡವಾಳದಿಂದ ನಿಂತ ಸಹಕಾರ ಸಂಘಗಳು ಕುಸಿದುಬಿದ್ದಾಗ ಕಣ್ಣೀರು ಹಾಕುವವರಿರಲಿಲ್ಲ. ಇದನ್ನು ನಾನು ಸೇವಾವಧಿಯಲ್ಲಿ ಕಂಡಿದ್ದೇನೆ. ನಮ್ಮ ದೇಶದಲ್ಲಿ ಮಹೀಂದ್ರ ಯುನೈಟೆಡ್ 2010ರಲ್ಲಿ, ಜೆಸಿಟಿ 2011ರಲ್ಲಿ ಬಾಗಿಲು ಹಾಕಿದವು. ಪ್ರಶಸ್ತಿಗಳನ್ನು ಗೆದ್ದ ತಂಡಗಳೇ ಅವು. ಆದರೆ ಒಡೆತನ ಕಂಪನಿಗಳದ್ದು, ತೀರ್ಮಾನವೂ ಕಂಪನಿಗಳದ್ದೇ.

ಹಡರ್ಸ್‌ಫೀಲ್ಡ್ ಮತ್ತೆಂದೂ ಲೀಗ್ ಗೆಲ್ಲಲಿಲ್ಲ. 1975ರಲ್ಲಿ ನಾಲ್ಕನೇ ಡಿವಿಷನ್ನಿಗೆ ಕುಸಿದು, 2017ರಲ್ಲಿ ಮತ್ತೆ ಅಗ್ರ ಶ್ರೇಣಿಗೇರಿ, ಎರಡೇ ವರ್ಷಗಳಲ್ಲಿ ಪುನಃ ಇಳಿಯಿತು. ಆದರೆ ಊರು ಬಿಡಲಿಲ್ಲ. ಕೆಳ ಹಂತದಲ್ಲಿ ಹೊಸ ತಂಡ ಕಟ್ಟಲು ಹೊರಟವರು ಮೊದಲು ಹುಡುಕಬೇಕಾದದ್ದು ದೊಡ್ಡ ದಾನಿಯನ್ನಲ್ಲ, ಸಣ್ಣ ಮೊತ್ತ ಕೊಡಬಲ್ಲ ಸಾವಿರ ಜನರನ್ನು. ಚಾಪ್‌ಮನ್ ಅಂಥವರು ಆಮೇಲೆ ಬಂದಾರು.