ಎರಡು ಪರನುಡಿಗಳ ನಡುವೆ ಕಿಟ್ಟೆಲರು

ಮಾಗಡಿ, ಕನಕಪುರಗಳ ಹಳ್ಳಿಗಳಿಂದ ಕಾಲೇಜಿಗೆ ಬರುವ ವಿದ್ಯಾರ್ಥಿಗಳು ಇಂಗ್ಲಿಷ್ ಪದಗಳನ್ನು ಪಟ್ಟಿಮಾಡಿ ಉರುಹೊಡೆಯುವುದನ್ನು ಕಂಡಾಗಲೆಲ್ಲ ನನಗೆ ರೆವರೆಂಡ್ ಫರ್ಡಿನೆಂಡ್ ಕಿಟ್ಟೆಲರ ಸ್ಮರಣೆಯಾಗುತ್ತದೆ. ಕನ್ನಡವಾಗಲಿ ಇಂಗ್ಲಿಷಾಗಲಿ ಆ ಮಹನೀಯರ ತಾಯ್ನುಡಿಯಲ್ಲ. ಎರಡನ್ನೂ ಕಲಿತು, ಒಂದರ ಅರ್ಥವನ್ನು ಇನ್ನೊಂದರ ತಕ್ಕಡಿಯಲ್ಲಿ ತೂಗಿದವರು ಅವರು.

ಅವರ ಜನನ 1832ರಲ್ಲಿ, ಜರ್ಮನಿಯ ಉತ್ತರ ಭಾಗದಲ್ಲಿ. ವಿಲಿಯಂ ರೀವ್ ಸಾಹೇಬರ ಕನ್ನಡ-ಇಂಗ್ಲಿಷ್ ನಿಘಂಟು ಪ್ರಕಟವಾದ ವರ್ಷವೂ ಅದೇ ಎಂಬುದೊಂದು ಸ್ವಾರಸ್ಯ. ಬಾಸೆಲ್ ಮಿಷನ್ನಿನಲ್ಲಿ ಶಿಕ್ಷಣ ಪಡೆದು 1853ರಲ್ಲಿ ಕನ್ನಡನಾಡಿಗೆ ಬಂದರು. ಮತಪ್ರಚಾರಕ್ಕೆಂದು ಬಂದವರನ್ನು ನಾಡಿನ ನುಡಿಯೇ ಸೆಳೆದುಕೊಂಡಿತು. 1860ರಲ್ಲಿ ಕೈಹಿಡಿದ ಪತ್ನಿ ಪಾಲೀನ್ ಕೆಲವೇ ವರ್ಷಗಳಲ್ಲಿ ತೀರಿಕೊಂಡರು. ಮುಂದೆ ಆಕೆಯ ತಂಗಿ ಯೂಲಿಯನ್ನು ವರಿಸಿದರು. ಈ ಏರಿಳಿತಗಳ ನಡುವೆಯೇ 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನೂ 1875ರಲ್ಲಿ ನಾಗವರ್ಮನ ಛಂದೋಗ್ರಂಥವನ್ನೂ ಸಂಪಾದಿಸಿದರು.

ಆದರೆ ಅವರ ಆಯುಸ್ಸನ್ನು ಹೀರಿದ್ದು ನಿಘಂಟು. ಕುಂಟೆ ಎಂಬ ಮಾತನ್ನೇ ನೋಡಿ: ನಮ್ಮ ಚನ್ನಪಟ್ಟಣದ ಕಡೆಯ ಹುಡುಗನಿಗೆ ಅದು ನೀರು ನಿಂತ ಸಣ್ಣ ಕೊಳವೂ ಹೌದು, ಹೊಲದಲ್ಲಿ ಎಳೆಯುವ ಮುಟ್ಟೂ ಹೌದು. ಯಾವುದೆಂದು ಇತ್ಯರ್ಥವಾಗದೆ ಅದಕ್ಕೆ ಇಂಗ್ಲಿಷ್ ಪದವನ್ನು ಹೇಗೆ ಹೇಳುವುದು? ಇಂತಹ ತೊಡಕು ಕಿಟ್ಟೆಲರಿಗೆ ಪುಟಪುಟಕ್ಕೂ ಎದುರಾಗಿರಬೇಕು. ಹಳೆಯ ಕಾವ್ಯಗಳನ್ನು ಮಾತ್ರ ನಂಬಿ ಅವರು ಕೂರಲಿಲ್ಲ. ಆಡುಮಾತಿಗೂ ಗಾದೆಗಳಿಗೂ ಕಿವಿಗೊಟ್ಟರು. ಮೈಸೂರು ಸೀಮೆಯ ಬಳಕೆಯನ್ನು ಬೇರೆಯಾಗಿ ಗುರುತಿಸಿದರು. ತಮಿಳು, ತೆಲುಗು, ತುಳು, ಮಲಯಾಳಗಳ ಸೋದರ ಪದಗಳನ್ನು ಪಕ್ಕದಲ್ಲಿಟ್ಟು ನೋಡಿದರು. ಸಂಸ್ಕೃತವು ದ್ರಾವಿಡ ನುಡಿಗಳಿಂದ ಪಡೆದುದೆಂದು ಅವರು ಭಾವಿಸಿದ ಪದಗಳೆಲ್ಲವನ್ನೂ ಇಂದಿನ ವಿದ್ವಾಂಸರು ಒಪ್ಪರು. ಆದರೂ ಆ ಪ್ರಶ್ನೆಯನ್ನು ಎತ್ತುವ ಧೈರ್ಯವೇನು ಅಲ್ಪವೆ?

1877ರಲ್ಲಿ ಸ್ವದೇಶಕ್ಕೆ ತೆರಳಿದವರು ಐವತ್ತು ದಾಟಿದ ಮೇಲೆ, 1883ರಲ್ಲಿ, ಕೈಯಲ್ಲಿದ್ದ ಕೆಲಸಕ್ಕಾಗಿ ಮತ್ತೆ ಕಡಲು ದಾಟಿ ಬಂದರು. ಹಲವು ವರ್ಷ ದುಡಿದು ಹಿಂದಿರುಗಿದರು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಸುಮಾರು 70,000 ಪದಗಳ, 1,700ಕ್ಕೂ ಮಿಕ್ಕಿದ ಪುಟಗಳ ಆ ಗ್ರಂಥ ಹೊರಬಂದಿತು. ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯ 1896ರಲ್ಲಿ ಡಾಕ್ಟರೇಟ್ ಪದವಿಯನ್ನಿತ್ತು ಗೌರವಿಸಿತು.

ಎಪ್ಪತ್ತು ತುಂಬಿದರೂ ಲೇಖನಿಯನ್ನು ಕೆಳಗಿಡಲಿಲ್ಲ. ಇಂಗ್ಲಿಷಿನಲ್ಲಿ ಬರೆದ ಅವರ ಕನ್ನಡ ವ್ಯಾಕರಣ 1903ರಲ್ಲಿ ಅಚ್ಚಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಟ್ಯೂಬಿಂಗೆನ್ನಿನಲ್ಲಿ ಕಣ್ಮುಚ್ಚಿದರು.