ಹೇಗ್‌ನ ನ್ಯಾಯಪೀಠದಲ್ಲಿ ಮಂಗಳೂರಿನ ಬಿ.ಎನ್. ರಾವ್

ಸಂವಿಧಾನ ಎಂದ ಕೂಡಲೇ ನಮಗೆಲ್ಲ ಡಾ. ಬಿ.ಆರ್. ಅಂಬೇಡ್ಕರ್ ನೆನಪಾಗುತ್ತಾರೆ. ಅದೇ ಪಾಠದಲ್ಲಿ ಒಂದೆರಡು ಸಾಲಿನಲ್ಲಿ ಬಂದು ಹೋಗುವ ಇನ್ನೊಂದು ಹೆಸರು ಬಿ.ಎನ್. ರಾವ್. ಇವರು ನಮ್ಮ ಕರ್ನಾಟಕದವರು, ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ನ್ಯಾಯಾಧೀಶರಾಗಿದ್ದವರು ಎಂದು ತಿಳಿದ ಮೇಲೆ ಅವರ ಬಗ್ಗೆ ಹುಡುಕಿ ಓದಿದೆ. ಅದನ್ನು ಗೆಳೆಯರೊಂದಿಗೆ ಹಂಚಿಕೊಳ್ಳುತ್ತಿದ್ದೇನೆ.

ಬೆನಗಲ್ ನರಸಿಂಗ ರಾವ್ ಹುಟ್ಟಿದ್ದು 1887ರ ಫೆಬ್ರವರಿ 26ರಂದು, ಮಂಗಳೂರಿನಲ್ಲಿ. ತಂದೆ ವೈದ್ಯರು. ಮಂಗಳೂರಿನ ಕೆನರಾ ಹೈಸ್ಕೂಲು, ಮದರಾಸಿನ ಪ್ರೆಸಿಡೆನ್ಸಿ ಕಾಲೇಜು, ನಂತರ ಕೇಂಬ್ರಿಡ್ಜ್‌ನಲ್ಲಿ ಓದಿ ಐ.ಸಿ.ಎಸ್. ಸೇರಿದರು. ಕಲ್ಕತ್ತಾ ಹೈಕೋರ್ಟಿನ ನ್ಯಾಯಾಧೀಶರೂ ಆದರು. 1946ರಲ್ಲಿ ಸಂವಿಧಾನ ಸಭೆಯ ಸಲಹೆಗಾರರಾಗಿ, ಮರುವರ್ಷ ಅಕ್ಟೋಬರ್‌ನಲ್ಲಿ ಮೊದಲ ಕರಡನ್ನು ಸಿದ್ಧಪಡಿಸಿಕೊಟ್ಟರು. ಬರ್ಮಾ ದೇಶದ ಸಂವಿಧಾನ ರಚನೆಗೂ ನೆರವಾದರು. ಮುಂದೆ ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಯಾದರು. 1950ರ ಜೂನ್‌ನಲ್ಲಿ ಕೊರಿಯಾ ಯುದ್ಧ ಶುರುವಾದಾಗ ಭದ್ರತಾ ಮಂಡಳಿಯ ಅಧ್ಯಕ್ಷರಾಗಿದ್ದವರು ಇವರೇ. 1952ರಲ್ಲಿ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದ ಪೀಠವೇರಿದರು.

ಆ ವರ್ಷ ಅಲ್ಲಿ ನಡೆದ ಒಂದು ಮೊಕದ್ದಮೆ ಕೆ.ಜಿ.ಎಫ್., ಬಂಗಾರಪೇಟೆಯ ನಮಗೆ ಬೇಗ ಅರ್ಥವಾಗುತ್ತದೆ. ನಮ್ಮಲ್ಲಿ 1880ರಿಂದ ಚಿನ್ನದ ಗಣಿಗಳನ್ನು ನಡೆಸಿದ್ದು ಇಂಗ್ಲೆಂಡಿನ ಜಾನ್ ಟೇಲರ್ ಕಂಪನಿ. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು. ಇರಾನಿನಲ್ಲಿ ಹಾಗೆಯೇ ಎಣ್ಣೆ ತೆಗೆಯುತ್ತಿದ್ದದ್ದು ಬ್ರಿಟಿಷರ ಕಂಪನಿ. 1951ರಲ್ಲಿ ಇರಾನ್ ಅದನ್ನು ರಾಷ್ಟ್ರೀಕರಣ ಮಾಡಿದಾಗ ಬ್ರಿಟನ್ ಹೇಗ್‌ಗೆ ಹೋಯಿತು.

ಈ ಮೊಕದ್ದಮೆಯನ್ನು ಕೇಳಲು ರಾವ್ ಕೂರಲಿಲ್ಲ. ಇದೇ ವಿವಾದ ಮೊದಲು ಭದ್ರತಾ ಮಂಡಳಿಗೆ ಬಂದಾಗ ಅವರು ಅಲ್ಲಿ ಭಾರತದ ಪ್ರತಿನಿಧಿಯಾಗಿದ್ದರು. ಆದ್ದರಿಂದ ತಾವು ಇದರಲ್ಲಿ ಭಾಗವಹಿಸುವುದು ಸರಿಯಲ್ಲವೆಂದು ನ್ಯಾಯಾಲಯಕ್ಕೆ ತಾವಾಗಿಯೇ ತಿಳಿಸಿ ಹಿಂದೆ ಸರಿದರು. 1952ರ ಜುಲೈ 22ರಂದು ತೀರ್ಪು ಬಂತು. ಇರಾನಿನ ಒಪ್ಪಂದ ಕಂಪನಿಯೊಂದಿಗೆ ಆದದ್ದು, ಬ್ರಿಟನ್ ದೇಶದೊಂದಿಗೆ ಅಲ್ಲ. ಹಾಗಾಗಿ ವಿಚಾರಣೆ ನಡೆಸುವ ಅಧಿಕಾರ ತನಗಿಲ್ಲ ಎಂದು ನ್ಯಾಯಾಲಯ 9–5 ಮತಗಳಿಂದ ನಿರ್ಣಯಿಸಿತು. ಬ್ರಿಟನ್ನಿನವರೇ ಆದ ನ್ಯಾಯಾಧೀಶ ಮ್ಯಾಕ್‌ನೇರ್ ಕೂಡ ತಮ್ಮ ದೇಶದ ವಾದಕ್ಕೆ ವಿರುದ್ಧವಾಗಿ ಮತ ಹಾಕಿದರು.

ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ತನ್ನದೇ ಪೊಲೀಸರಿಲ್ಲ. ಅಲ್ಲಿ ದೇಶಗಳು ಮಾತ್ರ ದಾವೆ ಹೂಡಬಹುದು. ಗಣಿ ಕಾರ್ಮಿಕನೊಬ್ಬ ಕಂಪನಿಯ ಮೇಲೆ ಅಲ್ಲಿಗೆ ಹೋಗುವಂತಿಲ್ಲ. ಅದಕ್ಕಿರುವ ದೊಡ್ಡ ಬಲವೆಂದರೆ ಜನರ ನಂಬಿಕೆ. ನ್ಯಾಯಾಧೀಶ ಯಾರ ಪಕ್ಷವೂ ಅಲ್ಲ ಎಂದು ಸೋತವರಿಗೂ ಅನ್ನಿಸಬೇಕು. ದೊಡ್ಡ ದೇಶಗಳನ್ನು ಪ್ರಶ್ನಿಸುವವರು ಮೊದಲು ತಮ್ಮನ್ನೇ ಪ್ರಶ್ನಿಸಿಕೊಳ್ಳಬೇಕು ಎಂಬುದನ್ನು ನಾನು ರಾವ್ ಅವರಿಂದ ಕಲಿತೆ.

ಒಂಬತ್ತು ವರ್ಷದ ಅವಧಿಯಲ್ಲಿ ಎರಡು ವರ್ಷವೂ ತುಂಬುವ ಮೊದಲೇ, 1953ರ ನವೆಂಬರ್ 30ರಂದು ಜ್ಯೂರಿಕ್‌ನಲ್ಲಿ ಅವರು ತೀರಿಕೊಂಡರು.

ನಮ್ಮಲ್ಲಿ ಕಾನೂನು ಓದಬೇಕೆಂದಿರುವವರು ಹಲವರಿದ್ದಾರೆ. ಹೇಗ್‌ವರೆಗೆ ಹೋಗುವುದು ಎಲ್ಲರಿಗೂ ಸಾಧ್ಯವಾಗದಿರಬಹುದು. ಆದರೆ ಕಾಲೇಜಿನ ಚರ್ಚಾ ಸ್ಪರ್ಧೆಯಲ್ಲಿ ನಮ್ಮ ಗೆಳೆಯನೇ ಸ್ಪರ್ಧಿಯಾಗಿದ್ದರೆ ತೀರ್ಪುಗಾರರ ಕುರ್ಚಿ ಬಿಟ್ಟು ಏಳುವುದು ಇವತ್ತೇ ಸಾಧ್ಯ.